ದೀಪದ ಬುಡಕ್ಕೆ ನೀರು

ಗ್ಯಾನಪ್ಪನಷ್ಟು ಅಂಜುಬುರುಕ ವೈರಮನ್ ಯಲಬುರ್ಗಾ ತಾಲೂಕಿನಲ್ಲೇ ಇನ್ನೊಬ್ಬನಿರಲಿಲ್ಲ. ಮೇನ್ ಸ್ವಿಚ್ ಆರಿಸಿ, ಫ್ಯೂಜ್ ಕಿತ್ತು ಜೇಬಿಗೆ ಹಾಕಿಕೊಂಡು, ಆಮೇಲೂ ವೈರಿಗೆ ಟೆಸ್ಟರ್ ಇಟ್ಟು ಮೂರು ಸಲ ನೋಡುವವನು. ಜನ ನಗುತ್ತಿದ್ದರು. ನಗಲಿ, ಅವರ ಬಾಯಿ ಅವರದು. ಹಾವು ಕಡಿಸಿಕೊಂಡವನು ಹಗ್ಗಕ್ಕೂ ಹೆದರುತ್ತಾನೆ, ಆದರೆ ಅವನನ್ನು ಯಾವ ಹಾವು ಕಡಿದಿತ್ತೆಂದು ಯಾರಿಗೂ ಗೊತ್ತಿರಲಿಲ್ಲ.

ಮಗಳು ಗೀತಾ ಕೊಪ್ಪಳದಲ್ಲಿ ಸಾಲಿ ಟೀಚರು. 2016ರಲ್ಲಿ ಹೊಸ ಮನೆ ಕಟ್ಟಿಸಿ, ಅಂಗಳದ ಮಲ್ಲಿಗೆ ಬಳ್ಳಿಯ ಹತ್ತಿರ ಲೈಟು ಹಾಕಿಕೊಡು ಎಂದಳು. ಗ್ಯಾನಪ್ಪ ಎರಡು ತಿಂಗಳು ನೆವ ಹೇಳಿದ. ಕೊನೆಗೆ ಹಾಕಿದ, ಅದೂ ಎಂಥ ಕೆಲಸ! ಮೊಣಕಾಲುದ್ದ ತೆಗ್ಗು ತೋಡಿ ಪೈಪಿನೊಳಗೆ ವೈರು ಎಳೆದ. ಮಣ್ಣಲ್ಲಿ ಒಂದೂ ಜಾಯಿಂಟ್ ಬಿಡಲಿಲ್ಲ. ಕಬ್ಬಿಣದ ಗಿಡ್ಡ ಕಂಬಕ್ಕೆ ಅರ್ಥಿಂಗ್ ಕೊಟ್ಟ. ಒಂದು ಚೂರು ಕರೆಂಟು ಸೋರಿದರೂ ಟಕ್ಕೆಂದು ಬಂದ್ ಮಾಡುವ ಟ್ರಿಪ್ಪರನ್ನು ಬೋರ್ಡಿನಲ್ಲಿ ಕೂರಿಸಿದ.

ತಿಂಗಳಾಗಿರಲಿಲ್ಲ, ಫೋನು ಬಂತು.

"ಅಪ್ಪಾ, ನಿನ್ನಿ ದೀಪ ಹಚ್ಚೂ ಹೊತ್ತಿಗೆ ಅಂಗಳದ ಲೈಟ್ ಹೋತು. ಮುಂಜಾನೆ ಹಾಕಿದ್ರ ಛಲೋ ಹತ್ತೈತಿ."

ಬಸ್ಸು ಹಿಡಿದು ಬಂದು ಮೂಲೆ ಮೂಲೆ ತಪಾಸು ಮಾಡಿದ. ಎಲ್ಲಾ ಒಣಗಿತ್ತು, ಎಲ್ಲಾ ಸರಿಯಿತ್ತು. ಮುಂದಿನ ತಿಂಗಳು ಮತ್ತೆ ಅದೇ ಫೋನು, ಅದೇ ಹೊತ್ತು. ಅವತ್ತು ಗ್ಯಾನಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಲೈಟು ಹೋದ ಎರಡೂ ದಿನಕ್ಕೆ ಬೆರಳಿಟ್ಟು ನೋಡಿದ. ಎರಡು ಸಲವೂ ಅಮಾಸಿ.

ಹೆಂಡತಿ ಉಡಚಮ್ಮ ಹೋದದ್ದೂ ಅಮಾಸಿಯ ದಿನ, ಹೊತ್ತು ಮುಳುಗುವಾಗ, 1997ರಲ್ಲಿ.

ಆಗ ಊರಲ್ಲಿ ಕರೆಂಟು ಮರಳಿ ಹೋಗುವ ನ್ಯೂಟ್ರಲ್ ತಂತಿ ಆಗಾಗ ಕೈಕೊಡುತ್ತಿತ್ತು. ಜನ ನೆಲಕ್ಕೊಂದು ಕಬ್ಬಿಣದ ಸರಳು ಹೊಡೆದು, ಬಲ್ಬಿನ ಇನ್ನೊಂದು ವೈರನ್ನು ಅದಕ್ಕೆ ಸುತ್ತಿ ಬೆಳಕು ಮಾಡಿಕೊಳ್ಳುತ್ತಿದ್ದರು. ನೆಲ ಒಣಗಿದರೆ ಬಲ್ಬು ಮಂಕು. ಸರಳಿನ ಬುಡಕ್ಕೆ ಒಂದು ತಂಬಿಗೆ ನೀರು ಹಾಕಿದರೆ ಝಗ್ ಅಂತ ಉರಿಯುತ್ತಿತ್ತು. ಗ್ಯಾನಪ್ಪನೂ ತನ್ನ ಅಂಗಳದಲ್ಲಿ ಹಾಗೇ ಮಾಡಿದ್ದ. ದಿನಾ ನೀರು ಹಾಕಲು ಹೆಂಡತಿಗೆ ಕಲಿಸಿದವನೂ ಅವನೇ. ಆ ಅಮಾಸಿಯ ಸಂಜೆ ಅವಳ ಒದ್ದೆ ಕೈ ಸರಳಿಗೆ ತಾಗಿತು. ಊರಿಗೆಲ್ಲ ಎದೆನೋವು ಎಂದ, ಏಳು ವರ್ಷದ ಮಗಳಿಗೂ ಅದನ್ನೇ ಹೇಳಿದ. ಕುಂಬಳಕಾಯಿ ಕಳ್ಳನ ಹಾಗೆ ಅಂದಿನಿಂದ ಹೆಗಲು ಮುಟ್ಟಿಕೊಳ್ಳುತ್ತಲೇ ಬದುಕಿದ.

ಈಗ ಅವಳು ಬಂದಿದ್ದಾಳೆ, ಕೇಳಲು ಬಂದಿದ್ದಾಳೆ ಎಂದು ಅವನ ಮನಸ್ಸಿಗೆ ಗಟ್ಟಿಯಾಯಿತು.

ಮೂರನೇ ಅಮಾಸಿಗೆ ಯಾರೂ ಕರೆಯದೆ ಕೊಪ್ಪಳಕ್ಕೆ ಬಂದ. ಹೊತ್ತು ಇಳಿಯುವಾಗ ಅಂಗಳದ ಲೈಟು ಹಾಕಿ, ಪಡಸಾಲೆಯಲ್ಲಿ ಬೋರ್ಡಿನ ಪಕ್ಕ ಕೂತ. ಮಲ್ಲಿಗೆ ಗಮ್ಮೆನ್ನುತ್ತಿತ್ತು. ಹಿತ್ತಲ ಕಡೆಯಿಂದ ಬಳೆ ಸದ್ದಾಯಿತು. ಸೆರಗು ಹೊದ್ದ ಹೆಂಗಸೊಬ್ಬಳು ಬೆನ್ನು ತೋರಿಸಿ ಲೈಟಿನ ಕಡೆ ನಡೆದಳು. ಅವಳ ಕೈಯಲ್ಲಿ ಹಿತ್ತಾಳೆಯ ತಂಬಿಗೆಯಿತ್ತು, ಅಂಚಿನಲ್ಲಿ ತಗ್ಗು ಬಿದ್ದದ್ದು. ಆ ತಗ್ಗು ಯಾವ ದಿನ, ಯಾವ ಕಲ್ಲಿಗೆ ಬಡಿದು ಆದದ್ದೆಂದು ಗ್ಯಾನಪ್ಪನಿಗೆ ಗೊತ್ತಿತ್ತು.

ಅವನು ಕೂಗುವುದರೊಳಗೆ ಹೆಂಗಸು ಬಗ್ಗಿ, ಒಂದು ಕೈಯಲ್ಲಿ ಕಂಬ ಹಿಡಿದು, ದೀಪದ ಬುಡಕ್ಕೆ ನೀರು ಸುರಿದಳು.

ಟಕ್. ಅಂಗಳ ಕತ್ತಲಾಯಿತು.

"ನೋಡಪಾ, ಮತ್ತ ಹೋತು," ಅನ್ನುತ್ತ ಹೆಂಗಸು ಇತ್ತ ತಿರುಗಿದಳು. ಗೀತಾ.

ಗ್ಯಾನಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿ ಮಗಳ ಎರಡೂ ಕೈ ಹಿಡಿದುಕೊಂಡ. ಕೈ ಬೆಚ್ಚಗಿದ್ದವು. ಅವನಿಗೆ ಅಳು ಬಂತು.

"ಹುಚ್ಚೀ, ಲೈಟಿಗೆ ಯಾರರ ನೀರು ಹಾಕ್ತಾರೇನ? ಕಂಬದ ಒಳಗ ನೀರು ಇಳದೈತಿ. ಟ್ರಿಪ್ಪರ್ ಇರಲಿಲ್ಲಂದ್ರ..."

"ಅವ್ವ ಹಾಕ್ತಿದ್ಲಲ್ಲಪಾ, ಆಗ ಲೈಟ್ ಝಗ್ ಅಂತಿತ್ತು. ಅಮಾಸಿಗೊಮ್ಮೆ ಆಕಿ ಹೆಸರಿಲೆ ಹಾಕ್ತೀನಿ." ಗೀತಾ ತಲೆ ತಗ್ಗಿಸಿದಳು. "ಅವತ್ತ ಆಕೀನ ಹೊರಗ ಕಳಿಸಿದಾಕಿ ನಾನ. ಅವ್ವಾ, ಲೈಟ್ ಮಂಕ ಆಗೈತಿ, ನೀರು ಹಾಕು ಅಂದ್ನಿ. ಅಡಿಗಿಮನ್ಯಾಗ ದಣದು ಕುಂತಿದ್ಲು, ನಾನ ಎಬ್ಬಿಸಿದ್ನಿ. ಅದಕ್ಕ ಆಕಿ ಎದಿ ಒಡೀತು. ಯಾರಿಗೂ ಹೇಳಿಲ್ಲ ನಾನು."

ಏಳು ವರ್ಷದ ಹುಡುಗಿ. ತನ್ನ ಪಾಪ ಮುಚ್ಚಿಟ್ಟೆನೆಂದು ಅವನು ತಿಳಿದಿದ್ದ. ಮುಚ್ಚಿಟ್ಟದ್ದನ್ನು ಅಷ್ಟು ವರ್ಷ ಹೊತ್ತವಳು ಇವಳು.

"ಎದಿನೋವಲ್ಲವ್ವಾ," ಎಂದ ಗ್ಯಾನಪ್ಪ. "ಕರೆಂಟ್ ಹೊಡೀತು. ಆ ಸರಳು ನೆಲಕ್ಕ ಹೊಡದಾಂವ ನಾನು. ನೀರು ಹಾಕು ಅಂತ ಕಲಿಸಿದಾಂವ ನಾನು. ನಿಂದೇನೂ ತಪ್ಪಿಲ್ಲ."

ಗೀತಾ ಕೈ ಬಿಡಿಸಿಕೊಂಡಳು. ತಂಬಿಗೆಯಲ್ಲಿ ಉಳಿದ ನೀರನ್ನು ಮಲ್ಲಿಗೆಯ ಬುಡಕ್ಕೆ ಹಾಕಿದಳು.

"ಹತ್ತೊಂಬತ್ತ ವರ್ಷ, ಅಪ್ಪಾ," ಎಂದಳು. "ಈ ಒಂದ ಮಾತು ನೀ ಮೊದಲ ಹೇಳಬೇಕಿತ್ತು."