ಗುರುವಾರದ ಶಿಷ್ಯೆ

ಐವತ್ತೊಂದನೆಯ ವಯಸ್ಸಿನಲ್ಲಿ ಅವಳು ಹೊಸ ಕಸುಬು ಕಲಿಯಲು ಹೊರಟಾಗ ಕಚೇರಿಯಲ್ಲಿ ನಗದವರಿಲ್ಲ. “ಪೆನ್ಷನ್ ಬಂದ್ಮೇಲೆ ಚಿನ್ನದಂಗಡಿ ಇಡೋ ಪ್ಲಾನಾ ಮೇಡಂ?” ಎಂದು ಪಕ್ಕದ ಮೇಜಿನ ಟೈಪಿಸ್ಟ್ ಕಾಲೆಳೆದಳು. ಅವಳೂ ನಕ್ಕಳು. ದಾಖಲೆ ವಿಭಾಗದ ಧೂಳಿನಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದವಳು, ಮದುವೆ ಮಕ್ಕಳು ಅಂತ ಏನೂ ಇಲ್ಲದವಳು, ಭಾನುವಾರ ಮೂರು ಗಂಟೆ ಹೊತ್ತು ತನಗಾಗಿ ಇಟ್ಟುಕೊಂಡರೆ ಯಾರಪ್ಪನ ಮನೆ ಗಂಟು ಹೋಗುತ್ತದೆ?

ಅವಳ ಅಪ್ಪ ಚಿತ್ರಗಳ, ಕನ್ನಡಿಗಳ ಮರದ ಚೌಕಟ್ಟಿಗೆ ಉಸಿರಿಗೂ ಹಾರುವಷ್ಟು ತೆಳುವಾದ ಚಿನ್ನದ ರೇಕು ಹಚ್ಚುತ್ತಿದ್ದವನು. ಮನೆಯ ಹಿಂದಿನ ತಗಡಿನ ಶೆಡ್ಡೇ ಅವನ ಕಾರ್ಖಾನೆ. ಸೀಮೆಸುಣ್ಣ ಜರಡಿ ಹಿಡಿಯುವುದು, ಸರೇಸಿನ ಅಂಟು ಕಾಯಿಸುವುದು, ನೆಲ ಗುಡಿಸುವುದು, ಇಷ್ಟು ಒಬ್ಬಳೇ ಮಗಳ ಪಾಲು. ಹಾಳೆಗಳ ನಡುವೆ ರೇಕು ಇಟ್ಟಿರುವ ಪುಸ್ತಕ ಬಿಚ್ಚುವ ಹೊತ್ತಿಗೆ ಅವಳು ಹೊರಗೆ, ಬಾಗಿಲು ಒಳಗಿನಿಂದ ಭದ್ರ. “ಹೆಣ್ಮಕ್ಕಳ ಉಸಿರು ಬಿಸಿ ಕಣಮ್ಮ, ರೇಕು ನಿಲ್ಲಲ್ಲ” ಎನ್ನುತ್ತಿದ್ದ. ಶಾಲೆಯ ಪುಸ್ತಕದಲ್ಲಿ ಅಚ್ಚಾದ ಮಾತಿನಷ್ಟೇ ಗಟ್ಟಿಯಾಗಿ ಅವಳು ಅದನ್ನು ನಂಬಿದ್ದಳು. ಕಣ್ಣು ಮಂಜಾದ ಮೇಲೆ ಅಪ್ಪ ಶೆಡ್ಡಿಗೆ ಬೀಗ ಹಾಕಿದ. ಹೋದ ವರ್ಷ ಅವನೂ ಹೋದ. ಈಗ ಮನೆಯಲ್ಲಿ ಅವಳು ಮತ್ತು ಎಪ್ಪತ್ತಾರರ ಅಮ್ಮ.

‘ಚಿನ್ನದ ರೇಕು ಹಚ್ಚುವುದನ್ನು ಕೈಯಾರೆ ಕಲಿಯಿರಿ, ಎಂಟು ಭಾನುವಾರ’ ಎಂಬ ಚೀಟಿ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯ ಗಾಜಿಗೆ ಅಂಟಿತ್ತು. ಅದನ್ನು ಮೂರು ದಿನ ಓದಿ, ನಾಲ್ಕನೆಯ ದಿನ ಹೆಸರು ಕೊಟ್ಟು ಬಂದಳು.

ತರಗತಿ ನಡೆಯುತ್ತಿದ್ದುದು ಪುಸ್ತಕದ ಬೈಂಡಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಕಲಿಯುವವರು ಆರು ಜನ. ಕಲಿಸುವ ಟೀಚರಿಗೆ ಹೆಚ್ಚು ಕಡಿಮೆ ಅವಳದೇ ವಯಸ್ಸು. ತೆಳ್ಳನೆಯ ಹೆಂಗಸು, ಮಾತು ಕಡಿಮೆ, ಉಗುರಿನ ಸಂದಿಯಲ್ಲಿ ಕೆಂಪು ಜೇಡಿಮಣ್ಣು. ಮೊದಲ ನಾಲ್ಕು ವಾರ ಚಿನ್ನದ ಸುದ್ದಿಯೇ ಇಲ್ಲ. ಮರಕ್ಕೆ ಸರೇಸು, ಅದರ ಮೇಲೆ ಸೀಮೆಸುಣ್ಣದ ಲೇಪ, ಒಣಗಿಸಿ ಮತ್ತೆ ಲೇಪ, ಹಾಗೆ ಎಂಟು ಸಲ. ಆಮೇಲೆ ಉಜ್ಜಿ ನುಣುಪು ಮಾಡಿ ಕೆಂಪು ಜೇಡಿ ಹಚ್ಚಬೇಕು. ಪಕ್ಕದಲ್ಲಿ ಕೂರುತ್ತಿದ್ದ ಹಲ್ಲಿನ ಡಾಕ್ಟರು, “ನನ್ನ ಪೇಷಂಟುಗಳಿಗೂ ಇಷ್ಟು ತಾಳ್ಮೆ ಇದ್ದಿದ್ರೆ ಎಷ್ಟು ಹಲ್ಲು ಉಳೀತಿತ್ತೋ” ಎಂದು ಗೊಣಗಿದರು. ಅವಳಿಗೆ ಮಾತ್ರ ಇದೆಲ್ಲ ನೀರು ಕುಡಿದಷ್ಟು ಸಲೀಸು. ಸರೇಸು ಹದಕ್ಕೆ ಬಂತೆಂದು ವಾಸನೆಯಲ್ಲೇ ಹೇಳಿದಳು.

“ಮೊದಲೇ ಮಾಡಿದ್ದೀರಾ?” ಎಂದರು ಟೀಚರ್.

“ಇಲ್ಲ. ಮನೇಲಿ ನೋಡಿದ್ದೆ.”

ಐದನೆಯ ವಾರ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ರೇಕಿನ ಪುಸ್ತಕ ಬಿಚ್ಚಿದರು. ಅಗಲ ಕುಂಚವನ್ನು ಕೆನ್ನೆಗೆ ಒಮ್ಮೆ ಸವರಬೇಕು. ಚರ್ಮದ ಜಿಡ್ಡಿಗೆ ರೇಕು ಅಂಟಿಕೊಂಡು ಮೇಲೇಳುತ್ತದೆ. ಅವಳ ಮೊದಲ ರೇಕು ಮುದುರಿತು, ಎರಡನೆಯದು ಹರಿಯಿತು. ಉಸಿರು ಬಿಗಿಹಿಡಿದು ಮುಖ ಕೆಂಪಾಗಿದ್ದನ್ನು ಕಂಡು ಟೀಚರ್ ನಕ್ಕರು. “ಉಸಿರಾಡಿ ಮೇಡಂ, ಸತ್ತುಗಿತ್ತು ಹೋದೀರಾ! ಮುಖ ಪಕ್ಕಕ್ಕೆ ತಿರುಗಿಸಿದ್ರೆ ಸಾಕು.”

ಮುಖ ಪಕ್ಕಕ್ಕೆ ತಿರುಗಿಸಿದರೆ ಸಾಕು! ಮೂರನೆಯ ರೇಕು ಒದ್ದೆ ಜೇಡಿಯ ಮೇಲೆ ತಾನಾಗಿ ಹಾರಿ ಕೂತಿತು. ಅವಳಿಗೆ ಕಣ್ಣು ತುಂಬಿಬಂತು. ಪಾಪ, ಅಪ್ಪನಿಗೆ ಇಷ್ಟು ಸಣ್ಣ ಉಪಾಯ ತಿಳಿಯದೆ ಹೋಯಿತೇ ಎಂದುಕೊಂಡಳು.

ಆರನೆಯ ವಾರ ರೇಕಿಗೆ ಹೊಳಪು ಕೊಡುವ ಪಾಠ. ಟೀಚರ್ ಮೆತ್ತನೆಯ ಬಟ್ಟೆ ಬಿಚ್ಚಿ, ನಾಯಿಯ ಕೋರೆಹಲ್ಲಿನಂತೆ ಬಾಗಿದ ನುಣುಪು ಕಲ್ಲೊಂದನ್ನು ತೆಗೆದರು. ಅದರ ಮರದ ಹಿಡಿ ಸೀಳಿತ್ತು. ಸೀಳಿಗೆ ತಾಮ್ರದ ತಂತಿಯ ಸುತ್ತು. ಆ ತಂತಿ ಸುತ್ತಿದವಳು ಅವಳೇ, ಹದಿನಾರನೆಯ ವಯಸ್ಸಿನಲ್ಲಿ. ಅವಳಿಗೆ ಇಪ್ಪತ್ತಮೂರಾದಾಗ ಆ ಕಲ್ಲು ಕಾಣೆಯಾಗಿತ್ತು. “ಗುಡಿಸೋಳು ನೀನು, ಕಸದ ಜೊತೆ ಎಸೆದಿದ್ದೀಯ” ಎಂದು ಅಮ್ಮ ಬೈದಿದ್ದಳು. ಅಪ್ಪ ತಲೆ ತಗ್ಗಿಸಿ ಕೂತಿದ್ದ. ಅವಳು ಎರಡು ದಿನ ಬೀದಿಯ ತಿಪ್ಪೆಯನ್ನೆಲ್ಲ ಕೆದಕಿದ್ದಳು.

“ಈ ಕಲ್ಲು ಎಲ್ಲಿ ಸಿಕ್ತು ಟೀಚರ್?”

“ನಮ್ಮ ಮೇಷ್ಟ್ರು ಕೊಟ್ಟಿದ್ದು. ಮೂರು ವರ್ಷ ಕಲಿಸಿದ್ರು, ಪ್ರತಿ ಗುರುವಾರ ಮಧ್ಯಾಹ್ನ. ಮನೆ ಹಿಂದೆ ಒಂದು ತಗಡಿನ ಶೆಡ್ಡಿತ್ತು. ದೇವರಂಥ ಮನುಷ್ಯ.” ಟೀಚರ್ ಕಲ್ಲನ್ನು ಬಟ್ಟೆಗೆ ಒರೆಸಿದರು. “ಅವರಿಗೂ ಒಬ್ಬಳು ಮಗಳಿದ್ಲಂತೆ. ನಾನು ಒಂದ್ಸಲವೂ ನೋಡ್ಲಿಲ್ಲ. ಅವಳಿಗೆ ಇದರಲ್ಲೆಲ್ಲ ಆಸಕ್ತಿಯಿಲ್ಲ ಅಂತಿದ್ರು.”

ಗುರುವಾರ. ಆಗ ಅವಳ ಕಾಲೇಜಿಗೆ ಗುರುವಾರ ಅರ್ಧ ದಿನ ರಜೆ. ಅವತ್ತೆಲ್ಲ ಅವಳನ್ನು ಹಾಸಿಗೆ ಹಿಡಿದ ಸೋದರತ್ತೆಯ ಮನೆಗೆ ಕಳಿಸುತ್ತಿದ್ದರು, ಮೈ ಒರೆಸಲು, ತಲೆ ಬಾಚಲು. ಕಾಲೇಜು ಮುಗಿದ ಮೇಲೂ ಅದು ತಪ್ಪಲಿಲ್ಲ. ‘ನೀನು ಹೋಗದಿದ್ರೆ ಅತ್ತೆ ಊಟ ಮುಟ್ಟಲ್ಲ’ ಎಂದು ಅಪ್ಪನೇ ಬಸ್ಸಿನವರೆಗೆ ಬಂದು ಹತ್ತಿಸುತ್ತಿದ್ದ.

ಅವಳು ಟೀಚರ್ ಕೈಗಿತ್ತ ಕಲ್ಲನ್ನು ಹಿಡಿದು ಉಜ್ಜಿದಳು. ಮೂಲೆಯಲ್ಲಿ ರೇಕು ಕಿತ್ತು ಕೆಳಗಿನ ಕೆಂಪು ಕಂಡಿತು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಮ್ಮನ ಮುಂದೆ ನಿಂತಳು. ಅಮ್ಮ ಕನ್ನಡಕ ಮೂಗಿಗೇರಿಸಿ ಬ್ಲೌಸಿಗೆ ಗುಂಡಿ ಹೊಲಿಯುತ್ತಿದ್ದಳು.

“ಅಪ್ಪ ಗುರುವಾರ ಒಬ್ಬ ಹುಡುಗಿಗೆ ಕೆಲಸ ಕಲಿಸ್ತಿದ್ದ. ನಿಂಗೆ ಗೊತ್ತಿತ್ತಾ?”

ಸೂಜಿ ನಿಂತಿತು. ಅಮ್ಮ ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ. “ಗೊತ್ತಿಲ್ದೆ ಏನು? ಅವಳಿಗೆ ಕಾಫಿ ಮಾಡಿ ಕೊಡ್ತಿದ್ದೋಳು ನಾನೇ.”

“ನನ್ನ ಉಸಿರು ಬಿಸಿ. ಅವಳದ್ದು ತಣ್ಣಗಿತ್ತಾ?”

“ಕೂಗಬೇಡ. ಅವರು ನಿಂಗೇ ಕಲಿಸ್ತೀನಿ ಅಂತ ಕುಣೀತಿದ್ರು. ನಾನೇ ಬೇಡ ಅಂದೆ.” ಅಮ್ಮ ದಾರವನ್ನು ಹಲ್ಲಿನಿಂದ ಕಡಿದಳು. “ಕೈಯಲ್ಲೊಂದು ಕಸುಬಿದ್ದಿದ್ರೆ ನೀನು ಇಲ್ಲಿ ನಿಲ್ತಿದ್ಯಾ? ದೊಡ್ಡ ಊರು ಸೇರ್ಕೊಂಡು ನಮ್ಮನ್ನ ಮರೀತಿದ್ದೆ. ಇರೋಳು ನೀನೊಬ್ಳು. ನಮ್ಮನ್ನ ನೋಡ್ಕೊಳ್ಳೋರು ಯಾರು? ಅವರಿಗೋ ಯಾರಿಗಾದ್ರೂ ಕಲಿಸದೆ ನಿದ್ದೆ ಬರ್ತಿರ್ಲಿಲ್ಲ. ಪರರ ಮಗಳಿಗೆ ಕಲಿಸಿ ಅಂದೆ.”

“ಮತ್ತೆ ಆ ಕಲ್ಲು?”

“ಕೊಟ್ಟು ಕಳಿಸಿದ್ರು. ಕೇಳಿದ್ರೆ ನಿಂಗೆ ಏನಂತ ಹೇಳೋದು? ಏನೋ ಒಂದು ಬಾಯಿಗೆ ಬಂದಿದ್ದು ಅಂದೆ.”

ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವ ಗಾದೆಯನ್ನು ಅಮ್ಮನೇ ಯಾರು ಯಾರ ಮೇಲೋ ಪ್ರಯೋಗಿಸಿದ್ದು ಅವಳಿಗೆ ನೆನಪಾಯಿತು. ಅಪ್ಪನ ಮೇಲೆ ಹೆಚ್ಚು ಸಿಟ್ಟು ಬಂದಿತ್ತೋ ಅಮ್ಮನ ಮೇಲೋ ಅವಳಿಗೇ ತಿಳಿಯಲಿಲ್ಲ. ಅಮ್ಮನಾದರೂ ಸ್ವಾರ್ಥಕ್ಕೆ ಒಂದು ಕಾರಣ ಕೊಟ್ಟಳು. ಅಪ್ಪ ‘ಅವಳಿಗೆ ಆಸಕ್ತಿಯಿಲ್ಲ’ ಎಂದುಬಿಟ್ಟ. ಬಾಗಿಲಾಚೆ ಕಿವಿ ಹಚ್ಚಿ ನಿಂತವಳ ಬಗ್ಗೆ!

ಏಳನೆಯ ಭಾನುವಾರ ಉಳಿದವರೆಲ್ಲ ಹೋಗುವ ತನಕ ಕಾದು, ಮೇಷ್ಟ್ರ ಆ ಮಗಳು ತಾನೇ ಎಂದು ಟೀಚರಿಗೆ ಹೇಳಿದಳು. ಟೀಚರ್ ಸ್ಟೂಲಿನ ಮೇಲೆ ಕುಸಿದರು.

“ಅಯ್ಯೋ, ನನಗೆ ದೇವರಾಣೆಗೂ ಗೊತ್ತಿರ್ಲಿಲ್ಲ. ಈ ಕಲ್ಲು ನೀವೇ ಇಟ್ಕೊಳ್ಳಿ. ಇದು ನಿಮ್ದು.”

“ಬೇಡ. ಅದು ನಿಮ್ಮ ಅನ್ನ.” ಅವಳು ತನ್ನ ಚೌಕಟ್ಟನ್ನು ಮುಂದಿಟ್ಟಳು. “ಒಂದು ಮಾತು ಹೇಳಿ. ದಾಕ್ಷಿಣ್ಯಕ್ಕೆ ಬೀಳಬೇಡಿ. ನನ್ನ ಕೈಲಿ ಇದು ಆಗತ್ತಾ?”

ಟೀಚರ್ ಚೌಕಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಕಣ್ಣು ನಿಮ್ದು ನನಗಿಂತ ಚೆನ್ನಾಗಿದೆ. ಅದು ನಿಮ್ಮಪ್ಪಂದೇ. ಕೈ...” ರೇಕು ಕಿತ್ತ ಮೂಲೆಯ ಮೇಲೆ ಬೆರಳಿಟ್ಟರು. “ಕೈ ನಡುಗತ್ತೆ. ಇಪ್ಪತ್ತರಲ್ಲಿ ಹಿಡಿದಿದ್ರೆ ನೀವು ನನಗೆ ಕಲಿಸ್ತಿದ್ರಿ. ಈಗ ಮನೆ ಮಟ್ಟಿಗೆ, ಖುಷಿಗೆ, ಅಷ್ಟೇ.”

ಖುಷಿ ಎಂಬ ಪದ ಕೇಳಿ ಅವಳಿಗೆ ನಗು ಬಂತು. ಟೀಚರ್ ಅತ್ತರು. ಅವಳು ಅಳಲಿಲ್ಲ.

ಎಂಟನೆಯ ಭಾನುವಾರ ಹನ್ನೆರಡಕ್ಕೆ ಅವಳು ಚೀಲ ಹೆಗಲಿಗೇರಿಸಿದಳು. ಒಳಕೋಣೆಯಿಂದ ಅಮ್ಮ ಕೂಗಿದಳು. “ಮತ್ತೆ ಹೊರಟ್ಯಾ? ನನಗೆ ಊಟ ಬಡಿಸೋರು ಯಾರು?”

“ಮುಚ್ಚಿಟ್ಟಿದ್ದೀನಿ. ಎದ್ದು ಬಡಿಸ್ಕೊ.”

“ಇವತ್ತಿಗೆ ಮುಗೀತಲ್ಲ ಆ ಕ್ಲಾಸು?”

“ಮುಂದಿನ ಎಂಟು ವಾರಕ್ಕೂ ಹೆಸರು ಕೊಟ್ಟಿದ್ದೀನಿ.”

“ಈ ವಯಸ್ಸಲ್ಲಿ ಕಲಿತು ಏನು ಉದ್ಧಾರ ಆಗ್ತೀಯೇ?”

“ಏನೂ ಆಗಲ್ಲಮ್ಮ” ಎಂದು ಹೇಳಿ, ಬಾಗಿಲೆಳೆದುಕೊಂಡು ಅವಳು ಬಸ್‌ಸ್ಟಾಪಿನ ಕಡೆ ನಡೆದಳು.