ಬಾಣಂತಿಯ ಒಲೆಗೆ ಡ್ರಿಪ್ ಪೈಪು

ಭೂಸನೂರಿನ ದ್ರೌಪದಿಗೆ ಬೆಳಗಾದರೆ ಕಬ್ಬಿನ ಹೊಲ, ಸಂಜೆಯಾದರೆ ನೀರಿನ ಒಲೆ. ಮಗಳು ಪಲ್ಲವಿ ಬಾಣಂತಿ, ಕೂಸಿಗೆ ಹದಿನೆಂಟು ದಿನ. ದಿನಾ ಎರಡು ಹಂಡೆ ನೀರು ಕಾಯಬೇಕು. ಮಳೆಗೆ ನೆನೆದ ತೊಗರಿ ಕಟ್ಟಿಗೆ ಹೊತ್ತುವುದೇ ಇಲ್ಲ. ಊದಿ ಊದಿ ಸಾಕಾಗಿ, ಹೊಲದಲ್ಲಿ ಬಿದ್ದಿದ್ದ ಹನಿ ನೀರಾವರಿಯ ಹಳೆಯ ಪ್ಲಾಸ್ಟಿಕ್ ಡ್ರಿಪ್ ಪೈಪಿನ ತುಂಡುಗಳನ್ನು ಒಲೆಗೆ ತುರುಕಿದಳು. ಬೆಂಕಿ ಭಗ್ಗೆಂದಿತು. ಅಂದಿನಿಂದ ಅದೇ ರೂಢಿಯಾಯಿತು.

ಆ ಒಲೆಯ ಕೆಂಡವನ್ನೇ ಬೋಗುಣಿಗೆ ತುಂಬಿ, ಅಜವಾನ ಉದುರಿಸಿ, ತಾಯಿ, ಕೂಸು ಬೆಚ್ಚಗಿರಲೆಂದು ಬಾಣಂತಿಯ ಮಂಚದ ಕೆಳಗೆ ಇಡುತ್ತಿದ್ದಳು. ನಾಲ್ಕು ದಿನದಿಂದ ಕೂಸಿನ ಎದೆ ಗೊರಗೊರ ಎನ್ನುತ್ತಿತ್ತು. ಥಂಡಿಯಾಗಿದೆ ಎಂದುಕೊಂಡು ಇನ್ನಷ್ಟು ಕೆಂಡ ಹಾಕಿದಳು.

ಪಂಚಾಯ್ತಿಯ ಕಸದ ಗಾಡಿ ಓಡಿಸುವ ಮಿನಾಜ ಬಾಗಿಲಲ್ಲೇ ಕೆಮ್ಮಿದಳು.

“ದ್ರೌಪದಕ್ಕಾ, ಒಲ್ಯಾಗ ಏನ್ ಹಾಕೀರಿ?”

“ಪೈಪ್ ಬೇ. ಪ್ಲಾಸ್ಟಿಕ್‌ನಿಂದ ಕಾರ್ಖಾನ್ಯಾಗ ಎಣ್ಣಿ ತೆಗೀತಾರಂತ ಹೋದ ವಾರ ಮಹಿಳಾ ಸಂಘದಾಗ ನೀನೇ ಹೇಳ್ದಿ. ಅಲ್ಲಿ ಉರಿಸಿದ್ರೇನು, ನನ್ನ ಒಲ್ಯಾಗ ಉರಿಸಿದ್ರೇನು?”

ಮಿನಾಜ ಕಟ್ಟೆಯ ಮೇಲೆ ಕೂತಳು. “ಅರ್ಧಾ ಹೇಳಿ ಹೋದೆ, ತಪ್ಪು ನಂದೇರಿ. ಅಲ್ಲಿ ಪ್ಲಾಸ್ಟಿಕ್‌ಗೆ ಬೆಂಕಿ ಮುಟ್ಟಂಗಿಲ್ಲ. ಗಾಳಿ ಹೋಗದಂಗ ಮುಚ್ಚಿದ ಟಾಕಿಯೊಳಗ ಹಾಕಿ ಹೊರಗಿಂದ ಕಾಸ್ತಾರ. ಆವಿ ತಣ್ಣಗಾದ್ರ ಎಣ್ಣಿ. ಅದನ್ನ ಶುದ್ಧ ಮಾಡಿ ಇಂಧನ ಮಾಡ್ತಾರ. ತಳದಾಗ ಉಳಿಯೋ ಕರೀ ಪುಡಿ ಕಾರ್ಬನ್, ಬಣ್ಣಕ್ಕ, ರಬ್ಬರಿಗೆ ಬರ್ತದ. ನಿಮ್ಮ ಒಲ್ಯಾಗ ಬರೋದು ಬರೇ ವಿಷದ ಹೊಗಿ.”

ಅಷ್ಟರಲ್ಲಿ ಒಳಗೆ ಕೂಸು ಕೆಮ್ಮಿತು. ದ್ರೌಪದಿ ಒಳಗೆ ಓಡಿದಳು. ಬೆಚ್ಚಗಿರಲಿ ಎಂದು ತಾನೇ ಅದಕ್ಕೆ ವಿಷ ಕುಡಿಸಿದ್ದಳು. ಬೋಗುಣಿ ಎಳೆದು ಕೆಂಡವನ್ನು ಅಂಗಳಕ್ಕೆ ಸುರಿದಳು.

“ದವಾಖಾನಿಗೆ ನಡೀರಿ, ಗಾಡಿ ಅದ,” ಎಂದಳು ಮಿನಾಜ.

ಕಸದ ಗಾಡಿಯ ಮುಂದಿನ ಸೀಟಿನಲ್ಲೇ, ಪಲ್ಲವಿಯ ಮಡಿಲಲ್ಲಿ ಕೂಸು ದವಾಖಾನೆಗೆ ಹೋಯಿತು. ಗೊರಗೊರ ಇಳಿಯುವವರೆಗೆ ಮೂರು ದಿನ ಅಲ್ಲೇ ಇಟ್ಟುಕೊಂಡರು. ಮಂಚದ ಕೆಳಗೆ ಕೆಂಡ, ಹೊಗೆ ಯಾವುದೂ ಬೇಡ ಎಂದು ಡಾಕ್ಟರು ಹೇಳಿ ಕಳಿಸಿದರು.

ಈಗ ದ್ರೌಪದಿ ಕಟ್ಟಿಗೆಗೆ ತಾಡಪಾಲು ಹೊದಿಸುತ್ತಾಳೆ. ಪೈಪು ತೊಳೆದು, ಒಣಗಿಸಿ, ಸಿಂಬೆ ಸುತ್ತಿ ಕಸದ ಗಾಡಿಗೆಂದು ಬಾಗಿಲಲ್ಲಿಡುತ್ತಾಳೆ.

“ದಣಿದು ಬಂದ ಮ್ಯಾಲ ಇದೊಂದು ಕೆಲ್ಸ ಹೆಚ್ಚಾತು ನೋಡು,” ಎಂದು ಗಾಡಿ ಬಂದಾಗ ಗೊಣಗಿದಳು.

“ಹೌದ್ರಿ, ಹೆಚ್ಚಾತು,” ಎಂದಳು ಮಿನಾಜ.

“ಸಣ್ಣಗ ಮಾತಾಡು. ಕೂಸು ಮಲಗೇದ.”

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮೈಯೂ ದಣಿದಿದೆ, ಗೊತ್ತು. ಆದರೂ ಪೈಪು, ಹಾಲಿನ ಕವರು, ಗೊಬ್ಬರದ ಚೀಲ ಒಲೆಗೆ ಹಾಕಬೇಡಿ. ಮನೆಯಲ್ಲಿ ಎಣ್ಣೆ ತೆಗೆಯಲೂ ಹೋಗಬೇಡಿ, ಅದು ಕಾರ್ಖಾನೆಯ ಕೆಲಸ. ತೊಳೆದು, ಒಣಗಿಸಿ, ಕಸದ ಗಾಡಿಗೆ ಕೊಡಿ. ನಿಮ್ಮ ಒಲೆಯ ಹೊಗೆಯನ್ನು ಮೊದಲು ಕುಡಿಯುವುದು ನಿಮ್ಮ ಮನೆಯ ಕೂಸೇ.