ಎಂಜಿನ್ ಆರಿಸಿದ ಇಳಿಜಾರು

ಪೆಟ್ರೋಲ್ ಬೆಲೆ ಮತ್ತೆ ಏರಿದ ಮೇಲೆ ಶಾಲಾ ವ್ಯಾನಿನ ಡ್ರೈವರ್ ಒಂದು ಕೆಟ್ಟ ಚಾಳಿ ಕಲಿತಿದ್ದ. ಗುಡ್ಡದ ನೆತ್ತಿ ದಾಟುತ್ತಲೇ ಎಂಜಿನ್ ಆರಿಸಿಬಿಡುತ್ತಿದ್ದ. ವ್ಯಾನು ತನ್ನ ಭಾರಕ್ಕೆ ತಾನೇ ಜಾರುತ್ತಾ ಶಾಲೆಯ ಗೇಟು ಮುಟ್ಟುತ್ತಿತ್ತು. ಮಕ್ಕಳನ್ನು ಹತ್ತಿಸಿ ಇಳಿಸಲು ಜೊತೆಗೆ ಬರುತ್ತಿದ್ದ ಅವನ ಅಕ್ಕ, ಎಂಜಿನ್ ಸದ್ದು ನಿಂತೊಡನೆ ಅವನ ಪಕ್ಕದ ಸೀಟಿನ ಅಂಚು ಹಿಡಿದು ಕೂರುತ್ತಿದ್ದಳು.

"ಬೇಡ ಕಣೋ, ಹಿಂದೆ ಹನ್ನೊಂದು ಮಕ್ಕಳಿದಾವೆ."

"ಸುಮ್ನಿರಕ್ಕ. ಪೆಟ್ರೋಲಿಗೆ ದುಡ್ಡು, ಇಳಿಜಾರು ಪುಕ್ಕಟೆ."

ಅಂದು ಮೂರನೆಯ ತಿರುವಿನಲ್ಲಿ ಇಟ್ಟಿಗೆ ಲಾರಿಯೊಂದು ಕೆಟ್ಟು ಅರ್ಧ ರಸ್ತೆಗೆ ಅಡ್ಡ ನಿಂತಿತ್ತು. ತಮ್ಮ ಬ್ರೇಕ್ ತುಳಿದ. ಎಂಜಿನ್ ಆರಿದ್ದರಿಂದ, ಅದು ಬ್ರೇಕಿಗೆ ಕೊಡುತ್ತಿದ್ದ ಬಲವೆಲ್ಲ ಮೊದಲೆರಡು ತಿರುವುಗಳಲ್ಲೇ ಮುಗಿದುಹೋಗಿತ್ತು. ಪೆಡಲ್ ಅವನ ಕಾಲಡಿ ಬಂಡೆಯಂತೆ ಬಿಗಿದುಕೊಂಡಿತು.

"ಅಕ್ಕಾ, ಹಿಡೀತಿಲ್ಲ!"

ಅವಳು ಎರಡೂ ಕೈಗಳಿಂದ ಹ್ಯಾಂಡ್‌ಬ್ರೇಕ್ ಜಗ್ಗಿದಳು. ಟೈರುಗಳು ಕಿರುಚಿದವು, ಚೀಲಗಳು ಉರುಳಿದವು. ಲಾರಿಗೆ ಒಂದು ಮೊಳ ಉಳಿದಿರುವಾಗ ವ್ಯಾನು ನಿಂತಿತು.

"ಅಂಕಲ್, ಇನ್ನೊಂದ್ಸಲ!" ಎಂದಳು ಹಿಂದಿನಿಂದ ಒಬ್ಬ ಪುಟಾಣಿ.

ಅಕ್ಕ ಹಿಂದೆ ತಿರುಗಿ ಒಂದೊಂದೇ ತಲೆ ಮುಟ್ಟಿ ಎಣಿಸಿದಳು. ಹನ್ನೊಂದೂ ಸರಿಯಿದ್ದವು.

"ಬಾಡಿಗೆ ಏರಿಸಿ ಅಂತ ಇವರ ಅಪ್ಪ ಅಮ್ಮನ್ನ ಕೇಳೋಕೆ ನಿಂಗೆ ನಾಚಿಕೆ. ಅದಕ್ಕೆ ತಾನೇ ಈ ಸರ್ಕಸ್ಸು?"

ಅವನು ಕಾಲ ಬಳಿ ಉರುಳಿ ಬಂದಿದ್ದ ಚೀಲವನ್ನು ಎತ್ತಿ ಹಿಂದಕ್ಕೆ ಕೊಟ್ಟ.

"ನಾಳೆ ನಾನೇ ಕೇಳ್ತೀನಿ. ಇಲ್ಲ ಅಂದೋರು ಬೇರೆ ವ್ಯಾನ್ ನೋಡ್ಕೊಳ್ಲಿ. ಈಗ ಎಂಜಿನ್ ಹಾಕು ಮರಿ."

ಅವನು ಕೀ ತಿರುಗಿಸಿ, ವ್ಯಾನನ್ನು ತುಸು ಹಿಂದಕ್ಕೆ ತೆಗೆದ. ಲಾರಿಯ ಪಕ್ಕದಿಂದ ವ್ಯಾನು ಗುರುಗುಟ್ಟುತ್ತಾ, ಮೊದಲ ಗೇರಿನಲ್ಲೇ ಕೆಳಗಿಳಿಯಿತು.